ಸೆಕೆಂಡ್ ಹ್ಯಾಂಡ್ ಗಿಟಾರ್ ಕೊಳ್ಳುವ ಮುನ್ನ ಅದರ ಹೆಸರನ್ನು ಓದುವುದು ಹೇಗೆ

ಜಾಹೀರಾತಿನಲ್ಲಿ ಇದ್ದದ್ದು ಇಷ್ಟೇ: ‘ಗಿಬ್ಸನ್ ಗಿಟಾರ್, ರಾಜಾಜಿನಗರ, 9,000 ರೂಪಾಯಿ, ಚೌಕಾಸಿ ಇಲ್ಲ.’ ಫೋಟೊ ಒಂದೇ. ಮಂಚದ ಮೇಲೆ ಮಲಗಿಸಿದ ಗಿಟಾರ್, ಕೆಳಗೆ ಹೂವಿನ ಚಿತ್ತಾರದ ಹೊದಿಕೆ. ಗಿಟಾರಿನ ತಲೆ ಫೋಟೊದ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅಕ್ಕನ ಮಗ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, “ಮಾವ, ಗಿಬ್ಸನ್! ಒಂಬತ್ತು ಸಾವಿರಕ್ಕೆ!” ಎಂದ. ಹೊಸ ಗಿಬ್ಸನ್ ಲೆಸ್ ಪಾಲ್ ಸ್ಟ್ಯಾಂಡರ್ಡ್ ನಮ್ಮಲ್ಲಿ ಎರಡು ಲಕ್ಷ ದಾಟುತ್ತದೆ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಇಬ್ಬರೂ ಹೊರಟೆವು.

ಬಾಗಿಲು ತೆರೆದವರು ನಿವೃತ್ತ ಮೇಷ್ಟರು. ಮಗ ಕೆಲಸಕ್ಕೆಂದು ಜರ್ಮನಿಗೆ ಹೋಗಿ ಆರು ವರ್ಷವಾಗಿತ್ತಂತೆ. ಅಲ್ಲಿಂದೀಚೆಗೆ ಗಿಟಾರ್ ಅಟ್ಟದಲ್ಲೇ ಇತ್ತು. ಕಾಫಿ ಬಂತು. ನಾನು ಗಿಟಾರನ್ನು ಕಿಟಕಿಯ ಬೆಳಕಿಗೆ ಒಯ್ದು, ತಲೆಯ ಮೇಲೆ ಕೂತಿದ್ದ ಧೂಳನ್ನು ಅಂಗೈಯಿಂದ ಒರೆಸಿದೆ. ಮೊದಲು ಜಿ ಕಂಡಿತು, ಆಮೇಲೆ ಐ, ಆಮೇಲೆ ವಿ. ಬಿ ಇರಬೇಕಾದ ಜಾಗದಲ್ಲಿ ವಿ. ಆರರಲ್ಲಿ ಐದು ಅಕ್ಷರ ಸರಿ. “ಮೇಷ್ಟ್ರೇ, ಇದು ಗಿಬ್ಸನ್ ಅಲ್ಲ, ಗಿವ್ಸನ್” ಎಂದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. “ಎರಡೂ ಒಂದೇ ಅಲ್ಲವೇ? ನಮ್ಮ ಹುಡುಗ ಗಿಬ್ಸನ್ ಎಂದೇ ಹೇಳುತ್ತಿದ್ದನಪ್ಪ” ಎಂದರು. ಅವರ ಮಾತಿನಲ್ಲಿ ಕಪಟದ ಎಳೆಯೂ ಇರಲಿಲ್ಲ.

ಗಿವ್ಸನ್ ಕೋಲ್ಕತ್ತದ ಹೆಸರು. ದೇಶದಲ್ಲಿ ಎಷ್ಟೋ ಜನ ಮೊದಲ ಮೂರು ಸ್ವರಜೋಡಣೆ ಕಲಿತದ್ದು ಅಂಥ ಗಿಟಾರಿನಲ್ಲೇ. ಗಿಬ್ಸನ್ 1902ರಲ್ಲಿ ಅಮೆರಿಕದ ಕಲಮಝೂ ಪಟ್ಟಣದಲ್ಲಿ ಹುಟ್ಟಿದ ಕಂಪನಿ. ಎರಡರ ನಡುವೆ ಐದಕ್ಷರದ ಸಾಮ್ಯ ಬಿಟ್ಟರೆ ಬೇರೆ ನಂಟಿಲ್ಲ. ಅಂದಿನಿಂದ ನಾನು ಜಾಹೀರಾತಿನ ತಲೆಬರಹದಲ್ಲಿರುವ ಹೆಸರನ್ನು ಗಿಟಾರಿನ ಹೆಸರೆಂದು ಓದುವುದಿಲ್ಲ, ಮಾರುವವರ ಅಂದಾಜು ಎಂದು ಓದುತ್ತೇನೆ. ಗಿಟಾರಿನ ಹೆಸರು ಗಿಟಾರಿನ ಮೇಲೆಯೇ ಇರುತ್ತದೆ. ಅದನ್ನು ಮನೆಯಲ್ಲಿ ಕೂತು ಎಷ್ಟು ಓದಬಹುದು, ಹೋಗಿ ನೋಡಿದಾಗ ಎಷ್ಟು ಓದಬೇಕು ಎಂಬುದಷ್ಟೇ ಈ ಬರಹ. ವೀಣೆಯಲ್ಲಿ ಬಿರಡೆಗಳಿದ್ದಂತೆ ಗಿಟಾರಿನಲ್ಲಿ ತಂತಿ ಬಿಗಿಯುವ ಕಿವಿಗಳಿರುವ ತುದಿಗೆ ಹೆಡ್‌ಸ್ಟಾಕ್ ಎನ್ನುತ್ತಾರೆ. ನಾನು ಅದನ್ನು ತಲೆ ಎಂದೇ ಕರೆಯುತ್ತೇನೆ.

ಮೊದಲ ಹೆಜ್ಜೆ: ಹೆಸರು ಯಾವ ಬಗೆಯಲ್ಲಿ ತಪ್ಪಿದೆ ಎಂದು ಗುರುತಿಸಿ

ತಪ್ಪು ಹೆಸರುಗಳೆಲ್ಲ ಮೋಸವಲ್ಲ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಒಳ್ಳೆಯ ಗಿಟಾರನ್ನೂ ಕಳೆದುಕೊಳ್ಳುತ್ತೀರಿ, ಒಳ್ಳೆಯ ಮನುಷ್ಯರನ್ನೂ ನೋಯಿಸುತ್ತೀರಿ.

ಹಗುರವಾದದ್ದು ಹುಡುಕಾಟಕ್ಕೆ ಹಾಕಿದ ಗಾಳ. ‘ಯಮಹಾ ಫೆಂಡರ್ ಐಬನೀಝ್ ಗಿಬ್ಸನ್ ಗಿಟಾರ್ ಮಾರಾಟಕ್ಕಿದೆ’ ಎಂದು ನಾಲ್ಕು ಹೆಸರನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಒಂದು ಗಿಟಾರಿಗೆ ನಾಲ್ಕು ಅಪ್ಪಂದಿರು ಇರಲಾರರು. ಯಾರು ಯಾವ ಹೆಸರು ಹುಡುಕಿದರೂ ತಮ್ಮ ಜಾಹೀರಾತು ಸಿಗಲಿ ಎಂಬುದಷ್ಟೇ ಅದರ ಉದ್ದೇಶ. ಇಂಥಲ್ಲಿ ತಲೆಬರಹವನ್ನು ಪೂರ್ತಿ ಮರೆತು ಫೋಟೊಗಳನ್ನು ನೋಡಿ.

ಎರಡನೆಯದು ಆಕಾರದ ಹೆಸರು. ಊರಿಗೆಲ್ಲ ‘ಜೆರಾಕ್ಸ್ ಅಂಗಡಿ’ ಇದ್ದಹಾಗೆ, ಎರಡು ಕೊಂಬಿನ ಎಲೆಕ್ಟ್ರಿಕ್ ಗಿಟಾರ್‌ಗಳೆಲ್ಲ ಜನರ ಬಾಯಲ್ಲಿ ‘ಸ್ಟ್ರಾಟ್’. ಸ್ಟ್ರಾಟೊಕ್ಯಾಸ್ಟರ್ 1954ರಲ್ಲಿ ಫೆಂಡರ್ ತಂದ ಮಾದರಿ. ಲೆಸ್ ಪಾಲ್ 1952ರಲ್ಲಿ ಗಿಬ್ಸನ್ ತಂದದ್ದು. ಆದರೆ ಆ ಆಕಾರಗಳನ್ನು ಜಗತ್ತಿನ ಹತ್ತಾರು ಕಾರ್ಖಾನೆಗಳು ಬಹಿರಂಗವಾಗಿಯೇ ಕಡೆಯುತ್ತವೆ. ಸ್ಟ್ರಾಟೊಕ್ಯಾಸ್ಟರ್, ಟೆಲಿಕ್ಯಾಸ್ಟರ್ ಬಾಡಿಗಳ ಆಕಾರವನ್ನು ತನ್ನ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಳ್ಳಲು ಫೆಂಡರ್ ಹೊರಟಾಗ, 2009ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ಒಪ್ಪಲಿಲ್ಲ. ಅಲ್ಲಿ ಫೆಂಡರ್ ಸ್ವತ್ತಾಗಿ ಉಳಿದದ್ದು ತಲೆಯ ಆಕಾರ ಮಾತ್ರ. ಆದ್ದರಿಂದ ಬಾಡಿ ನೋಡಿ ಹೆಸರು ಹೇಳುವವರನ್ನು ನಂಬಬೇಡಿ, ಹೆಸರು ತಲೆಯಲ್ಲಿರುತ್ತದೆ.

ಗಿವ್ಸನ್ ಕಥೆಯಂಥ ಧ್ವನಿಸಾಮ್ಯ ಮೂರನೆಯದು. ಇದರಲ್ಲಿ ನನಗೆ ಇಷ್ಟವಾದ ತ್ರಿವಳಿ ಹೋನರ್, ಹಾಫ್ನರ್, ಹಾಬ್ನರ್. ಹೋನರ್ 1857ರಲ್ಲಿ ಜರ್ಮನಿಯ ಟ್ರೊಸಿಂಗೆನ್‌ನಲ್ಲಿ ಶುರುವಾದ, ಹಾರ್ಮೋನಿಕಾಗೆ ಹೆಸರಾದ ಕಂಪನಿ. ಹಾಫ್ನರ್ 1887ರದು, ಪಿಟೀಲಿನಾಕಾರದ ಬೇಸ್ ಗಿಟಾರಿಗೆ ಪ್ರಸಿದ್ಧ. ಹಾಬ್ನರ್ ನಮ್ಮ ದೇಶದ ಅಗ್ಗದ ಗಿಟಾರುಗಳ ಹೆಸರು. ಮೊಬೈಲಿನಲ್ಲಿ ಟೈಪ್ ಮಾಡುವಾಗ ತಾನೇ ತಿದ್ದುವ ಸೌಲಭ್ಯ ಒಂದನ್ನು ಇನ್ನೊಂದಾಗಿಸಿದರೆ ಮಾರುವವರಿಗೂ ತಿಳಿಯುವುದಿಲ್ಲ.

ಇನ್ನು ತಾಯಿ-ಮಗಳ ಹೆಸರು. ಬೆಂಗಳೂರಿನ ಜಾಹೀರಾತುಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವುದು, ಹಣ ಅತಿ ಹೆಚ್ಚು ಕೈತಪ್ಪುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಫೆಂಡರ್ 1965ರಲ್ಲಿ ಸ್ಕ್ವೈಯರ್ ಎಂಬ ತಂತಿ ತಯಾರಿಕೆಯ ಕಂಪನಿಯನ್ನು ಕೊಂಡಿತು. 1982ರಿಂದ ಆ ಹೆಸರನ್ನು ಕಡಿಮೆ ಬೆಲೆಯ ಗಿಟಾರುಗಳಿಗೆ ಇಟ್ಟಿತು, ಮೊದಲು ತಯಾರಿಸಿದ್ದು ಜಪಾನಿನಲ್ಲಿ. ತಲೆಯ ಮೇಲೆ ಸ್ಕ್ವೈಯರ್ ಎಂದು ದೊಡ್ಡದಾಗಿ, ‘ಬೈ ಫೆಂಡರ್’ ಎಂದು ಚಿಕ್ಕದಾಗಿ ಇರುತ್ತದೆ. ಜಾಹೀರಾತಿಗೆ ಬರುವಾಗ ಚಿಕ್ಕದು ದೊಡ್ಡದಾಗಿ, ದೊಡ್ಡದು ಮಾಯವಾಗಿರುತ್ತದೆ. ಗಿಬ್ಸನ್ ಮತ್ತು ಎಪಿಫೋನ್ ಕಥೆಯೂ ಹೀಗೆಯೇ. ಒಂದು ಕಾಲಕ್ಕೆ ಎದುರಾಳಿಯಾಗಿದ್ದ ಎಪಿಫೋನನ್ನು 1957ರಲ್ಲಿ ಗಿಬ್ಸನ್ ಬಳಗ ಕೊಂಡುಕೊಂಡಿತು. ಕೆಲವು ಎಪಿಫೋನ್ ಗಿಟಾರುಗಳಲ್ಲಿ ತಲೆಯ ಮಧ್ಯದ ಗಂಟೆಯಾಕಾರದ ಪುಟ್ಟ ಮುಚ್ಚಳದ ಮೇಲೆ ‘ಗಿಬ್ಸನ್’ ಎಂದೇ ಕೊರೆದಿರುತ್ತದೆ. ನೆಕ್ (ತಲೆಗೂ ಬಾಡಿಗೂ ನಡುವಿನ ಉದ್ದನೆಯ ಭಾಗ) ಒಳಗಿನ ಕಂಬಿ ತಿರುಗಿಸುವ ಜಾಗಕ್ಕೆ ಹಾಕಿದ ಮುಚ್ಚಳ ಅದು, ಟ್ರಸ್ ರಾಡ್ ಕವರ್. ಅದನ್ನು ಓದಿ ‘ನನ್ನದು ಗಿಬ್ಸನ್’ ಎಂದು ಪ್ರಾಮಾಣಿಕವಾಗಿ ನಂಬಿದವರು ಬೇಕಾದಷ್ಟಿದ್ದಾರೆ.

ಇಎಸ್‌ಪಿ ಜಪಾನಿನದು, 1975ರಲ್ಲಿ ಟೋಕಿಯೊದಲ್ಲಿ ಆರಂಭವಾದದ್ದು. ಅದರ ಅಗ್ಗದ ಸಾಲು ಎಲ್‌ಟಿಡಿ. ಪಿಆರ್‌ಎಸ್ ಗಿಟಾರುಗಳಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಆಗುವವು ಬೇರೆ, ಏಷ್ಯಾದಲ್ಲಿ ತಯಾರಾಗುವ ಎಸ್‌ಇ ಸಾಲು ಬೇರೆ. ಜಾಹೀರಾತಿನಲ್ಲಿ ‘ಎಸ್‌ಇ’ ಎಂಬ ಎರಡಕ್ಷರ ಬಿಟ್ಟುಹೋದರೆ ಬೆಲೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಐಬನೀಝ್‌ನಲ್ಲಿ ‘ಗಿಯೊ’ ಎಂಬುದು ಕಲಿಯುವವರ ಸಾಲು, ಮಾದರಿ ಸಂಖ್ಯೆ ಜಿಆರ್‌ಜಿ ಅಥವಾ ಜಿಆರ್‌ಎಕ್ಸ್ ಎಂದು ಶುರುವಾಗುತ್ತದೆ. ಮೊದಲ ಜಿ ತೆಗೆದು ‘ಐಬನೀಝ್ ಆರ್‌ಜಿ’ ಎಂದು ಬರೆದುಬಿಟ್ಟರೆ ಮೇಲಿನ ಸಾಲಿಗೆ ಬಡ್ತಿ ಸಿಕ್ಕಿತು.

ಇನ್ನೂ ಸೂಕ್ಷ್ಮವಾದದ್ದು, ಹೆಸರು ನೂರಕ್ಕೆ ನೂರು ನಿಜವಾಗಿದ್ದೂ ದಾರಿ ತಪ್ಪಿಸುವುದು. ಫೆಂಡರ್ ಸಿಡಿ-60, ಎಫ್‌ಎ-125 ಎಂಬ ಅಕೌಸ್ಟಿಕ್ ಗಿಟಾರುಗಳ ತಲೆಯ ಮೇಲೆ ಫೆಂಡರ್ ಎಂದೇ ಇರುತ್ತದೆ, ಸುಳ್ಳಲ್ಲ. ಆದರೆ ಅವು ಆರಂಭಿಕರ ಗಿಟಾರುಗಳು. ಮಾರ್ಟಿನ್ ಎಂದರೆ 1833ರಿಂದ ಬಂದ ಮನೆತನ. ಆದರೆ ಪುಟ್ಟ ಎಲ್‌ಎಕ್ಸ್1 ಆಗುವುದು ಮೆಕ್ಸಿಕೊದಲ್ಲಿ, ಅದರ ಬೆನ್ನು ಮತ್ತು ಪಕ್ಕಗಳು ಮರದ ಚಿತ್ರವಿರುವ ಒತ್ತುಹಲಗೆ. ಟೇಲರ್ ‘ಬೇಬಿ’ಯೂ ಮೆಕ್ಸಿಕೊದ್ದೇ. ಕಂಪನಿಯ ಹೆಸರು ಕೇಳಿ ಸುಮ್ಮನಾಗಬೇಡಿ, ಮಾದರಿಯ ಸಂಖ್ಯೆ ಕೇಳಿ.

ಐದನೆಯದು, ಬಿಡಿಭಾಗದ ಹೆಸರನ್ನು ಇಡೀ ಗಿಟಾರಿಗೆ ಹೊದಿಸುವುದು. ‘ಸೆಮೋರ್ ಡಂಕನ್ ಪಿಕಪ್ ಇದೆ’ ಎಂದು ಬರೆದಿರುತ್ತಾರೆ. ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ, ಸೆಮೋರ್ ಡಂಕನ್ ಅದನ್ನು ತಯಾರಿಸುವ ಕಂಪನಿ. ಪಿಕಪ್ ಮೇಲೆ ನೋಡಿದರೆ ‘ಡಂಕನ್ ಡಿಸೈನ್ಡ್’ ಎಂದಿರುತ್ತದೆ. ಅದು ಡಂಕನ್ ಕಂಪನಿಯ ವಿನ್ಯಾಸದ ಮೇಲೆ ಏಷ್ಯಾದಲ್ಲಿ ತಯಾರಾಗಿ, ಮಧ್ಯಮ ಬೆಲೆಯ ಗಿಟಾರುಗಳಲ್ಲಿ ಕೂರುವ ಪಿಕಪ್. ಕೆಟ್ಟದ್ದೇನಲ್ಲ, ಆದರೆ ಅದೇ ಅಲ್ಲ. ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಭಾಗ ಬ್ರಿಜ್. ‘ಫ್ಲಾಯ್ಡ್ ರೋಸ್ ಬ್ರಿಜ್’ ಎಂದಿದ್ದರೆ ಅದರ ಮೇಲೆ ‘ಲೈಸೆನ್ಸ್ಡ್ ಅಂಡರ್’ ಎಂಬ ಪದಗಳಿವೆಯೇ ನೋಡಿ. ಇದ್ದರೆ ಬೇರೆಯವರು ಪರವಾನಗಿ ಪಡೆದು ಮಾಡಿದ ಬ್ರಿಜ್ ಅದು. ‘ಇಎಂಜಿ ಆ್ಯಕ್ಟಿವ್ ಪಿಕಪ್’ ಎಂದರೆ ಒಂದೇ ಪ್ರಶ್ನೆ ಸಾಕು: “9 ವೋಲ್ಟ್ ಬ್ಯಾಟರಿ ಎಲ್ಲಿ ಹಾಕುವುದು?” ಬ್ಯಾಟರಿ ಇಲ್ಲವೆಂದರೆ ಅದು ಆ್ಯಕ್ಟಿವ್ ಅಲ್ಲ. ಕಪ್ಪು ಪ್ಲಾಸ್ಟಿಕ್ ಮುಚ್ಚಳವೊಂದೇ ಆ ಹೆಸರಿಗೆ ಸಾಕ್ಷಿಯಾಗಲಾರದು.

ಕೊನೆಯದು ಅಪ್ಪಟ ನಕಲಿ: ತಲೆಯ ಮೇಲೆಯೇ ಸುಳ್ಳು ಹೆಸರು. ಅದರ ಪತ್ತೆಗೆ ಗಿಟಾರ್ ಕೈಯಲ್ಲಿರಬೇಕು, ಮುಂದೆ ಬರುತ್ತೇನೆ.

ನಡುವೆ ಒಂದು ಮಾತು. ‘ಲಾಸೂಟ್ ಗಿಟಾರ್’ ಎಂಬ ಪದ ಕಂಡರೆ ಮಾರುಹೋಗಬೇಡಿ. ಗಿಬ್ಸನ್‌ನ ಆಗಿನ ಒಡೆಯ ಕಂಪನಿ ನಾರ್ಲಿನ್, ಐಬನೀಝ್‌ನ ಅಮೆರಿಕದ ಶಾಖೆಯ ಮೇಲೆ 1977ರಲ್ಲಿ ತಲೆಯ ಆಕಾರದ ವಿಚಾರವಾಗಿ ದಾವೆ ಹೂಡಿತು. ಅದು ರಾಜಿಯಲ್ಲಿ ಮುಗಿಯಿತು. ಒಂದು ಕಂಪನಿಯ ಮೇಲೆ ಆದ ಒಂದು ದಾವೆ ಅದು. ಈಗ ಎಪ್ಪತ್ತರ ದಶಕದ ಯಾವ ಜಪಾನಿ ಗಿಟಾರ್ ಸಿಕ್ಕರೂ ಆ ಬಿರುದು ತೊಡಿಸಿ ಬೆಲೆ ಏರಿಸುತ್ತಾರೆ.

ಎರಡನೇ ಹೆಜ್ಜೆ: ಫೋಟೊದಲ್ಲಿ ಏನು ಇಲ್ಲ ಎಂದು ನೋಡಿ

ಫೋಟೊ ತೆಗೆಯುವ ಮನುಷ್ಯನಿಗೆ ತನ್ನ ಗಿಟಾರ್ ಮೇಲೆ ಹೆಮ್ಮೆಯಿದ್ದರೆ ಮೊದಲು ತೆಗೆಯುವುದು ತಲೆಯ ಚಿತ್ರವನ್ನೇ. ಎಂಟು ಫೋಟೊಗಳಿದ್ದು ತಲೆ ಒಂದರಲ್ಲೂ ಇಲ್ಲ, ಅಥವಾ ಇದ್ದರೂ ಮಸುಕು, ಅಥವಾ ಬಲ್ಬಿನ ಬೆಳಕು ಸರಿಯಾಗಿ ಹೆಸರಿನ ಮೇಲೆಯೇ ಬಿದ್ದು ಹೊಳೆಯುತ್ತಿದೆ ಎಂದರೆ ಗಮನಿಸಿ. ಅದರಿಂದಲೇ ಕಳ್ಳತನ ಎಂದು ತೀರ್ಮಾನಿಸಬೇಡಿ, ನಮ್ಮ ಮೇಷ್ಟರ ಫೋಟೊವೂ ಹಾಗೆಯೇ ಇತ್ತು.

ಫೋಟೊಗಳು ತೀರ ಚೆಂದವಾಗಿದ್ದರೆ ಅದೂ ಅನುಮಾನಕ್ಕೆ ಎಡೆ. ಬಿಳಿ ಹಿನ್ನೆಲೆ, ಒಂದು ಗೀರೂ ಇಲ್ಲದ ಮೈ: ಅಂಥ ಚಿತ್ರವನ್ನು ಮೊಬೈಲಿನ ಚಿತ್ರಹುಡುಕಾಟಕ್ಕೆ ಹಾಕಿ ನೋಡಿದರೆ ಬಹಳ ಸಲ ಯಾವುದೋ ಅಂಗಡಿಯ ತಾಣದಲ್ಲಿ ಸಿಗುತ್ತದೆ.

ಬೆಲೆಯ ಹೋಲಿಕೆ ಚಿಕ್ಕ ಕೆಲಸ, ಆದರೆ ಸರಿಯಾದ ಹೆಸರಿನ ಜೊತೆ ಮಾಡಬೇಕು. ‘ಫೆಂಡರ್ ಸ್ಟ್ರಾಟ್ 18,000’ ಎಂದಾಗ ಫೆಂಡರ್ ಬೆಲೆಗೆ ಹೋಲಿಸಿದರೆ ಲಾಟರಿ ಹೊಡೆದಂತೆ ಕಾಣುತ್ತದೆ. ಸ್ಕ್ವೈಯರ್ ಹೆಸರಿನ ಅಗ್ಗದ ಸಾಲಾದ ಅಫಿನಿಟಿಯ ಬೆಲೆಗೆ ಹೋಲಿಸಿದರೆ ಹಳೆಯದಕ್ಕೆ ಹೊಸದರ ಹತ್ತಿರದ ದರ ಕೊಡುತ್ತಿದ್ದೇನಲ್ಲ ಎಂದು ಕೈ ಹಿಂದಕ್ಕೆ ಬರುತ್ತದೆ.

ಬೆಂಗಳೂರಿನಲ್ಲಿ ನಿಜವಾದ ಅಗ್ಗದ ಮಾರಾಟಗಳೂ ಇವೆ. ತಿಂಗಳ ಕೊನೆಯಲ್ಲಿ, ಬೆಳ್ಳಂದೂರು, ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಿಂದ ‘ಊರು ಬಿಡುತ್ತಿದ್ದೇನೆ’ ಎಂಬ ಜಾಹೀರಾತುಗಳು ಬರುತ್ತವೆ. ಅವುಗಳಲ್ಲಿ ಒಮ್ಮೊಮ್ಮೆ ಮುಟ್ಟದೇ ಇಟ್ಟ ಒಳ್ಳೆಯ ಗಿಟಾರ್ ಸಿಗುತ್ತದೆ. ಅದೇ ದನಿಯಲ್ಲಿ ‘ಸೈನ್ಯದಲ್ಲಿದ್ದೇನೆ, ವರ್ಗಾವಣೆಯಾಗಿದೆ, ಮುಂಗಡ ಕಳಿಸಿದರೆ ಪಾರ್ಸೆಲ್ ಕಳಿಸುತ್ತೇನೆ’ ಎಂದು ಬರುವುದು ಬೇರೆ ಜಾತಿ. ಅಲ್ಲಿ ಗಿಟಾರೇ ಇರುವುದಿಲ್ಲ, ಹೆಸರಿನ ತಕರಾರಿಗೆ ಅವಕಾಶವೆಲ್ಲಿ?

ಮೂರನೇ ಹೆಜ್ಜೆ: ಮೂರು ಫೋಟೊ ಕೇಳಿ

ನಾನು ಕಳಿಸುವ ಸಂದೇಶ ಹೆಚ್ಚುಕಡಿಮೆ ಹೀಗಿರುತ್ತದೆ, ಬೇಕಾದರೆ ನೀವೂ ಇದನ್ನೇ ಕಳಿಸಿ:

“ನಮಸ್ಕಾರ ಸರ್. ನಿಮ್ಮ ಗಿಟಾರ್ ಜಾಹೀರಾತು ನೋಡಿದೆ. ಹಗಲು ಬೆಳಕಿನಲ್ಲಿ ಮೂರು ಫೋಟೊ ಕಳಿಸಲು ಸಾಧ್ಯವೇ? ಒಂದು, ತಲೆಯ ಮುಂಭಾಗ, ಹೆಸರು ಕಾಣುವಂತೆ. ಎರಡು, ತಲೆಯ ಹಿಂಭಾಗ, ಸಂಖ್ಯೆ ಕಾಣುವಂತೆ. ಮೂರು, ಅಕೌಸ್ಟಿಕ್ ಆದರೆ ನಡುವಿನ ರಂಧ್ರದ ಒಳಗಿನ ಚೀಟಿ; ಎಲೆಕ್ಟ್ರಿಕ್ ಆದರೆ ನೆಕ್ ಮತ್ತು ಬಾಡಿ ಸೇರುವ ಜಾಗದ ಹಿಂಭಾಗ. ಇಷ್ಟವಾದರೆ ಇದೇ ವಾರ ಬಂದು ನೋಡುತ್ತೇನೆ.”

ಕೊನೆಯ ವಾಕ್ಯ ಬಿಡಬೇಡಿ. ಹೊತ್ತು ಕಳೆಯಲು ಕೇಳುವವರ ಕಾಟದಿಂದ ಮಾರುವವರೂ ಬೇಸತ್ತಿರುತ್ತಾರೆ. ‘ಒರಿಜಿನಲ್ಲೋ ಡೂಪ್ಲಿಕೇಟೋ?’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಬೆಂಗಳೂರಿನಲ್ಲಿ ಇದುವರೆಗೆ ಯಾರೂ ‘ಡೂಪ್ಲಿಕೇಟ್’ ಎಂದು ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ.

ಫೋಟೊ ಬಂದರೆ ಅರ್ಧ ಕೆಲಸ ಮುಗಿಯಿತು. ‘ಬಂದು ನೋಡಿ ಸರ್, ಫೋಟೊದಲ್ಲಿ ಏನು ಕಾಣುತ್ತದೆ’ ಎಂಬ ಉತ್ತರ ಬಂದರೆ, ಮನೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಹೋಗಿ. ನೀವು ಬನಶಂಕರಿಯಲ್ಲಿದ್ದು ಅವರು ಯಲಹಂಕದಲ್ಲಿದ್ದರೆ ಬೇಡ. ಔಟರ್ ರಿಂಗ್ ರಸ್ತೆಯಲ್ಲಿ ಎರಡು ಗಂಟೆ ಕಳೆದು ಬಂದವನು ಬರಿಗೈಯಲ್ಲಿ ಮರಳಲು ಮನಸ್ಸು ಮಾಡುವುದಿಲ್ಲ, ಇದು ಮಾರುವವರಿಗೂ ಗೊತ್ತು.

ನಾಲ್ಕನೇ ಹೆಜ್ಜೆ: ಸಂಖ್ಯೆಯನ್ನು ಓದಿ, ಆದರೆ ಪೂರ್ತಿ ನಂಬಬೇಡಿ

ಸ್ಕ್ವೈಯರ್ ಗಿಟಾರಿನ ಹಿಂದೆ ಐಸಿಎಸ್ ಎಂದು ಶುರುವಾಗುವ ಸಂಖ್ಯೆ ಇದ್ದರೆ ಇಂಡೊನೇಷ್ಯಾ, ಕೋರ್-ಟೆಕ್, ಸ್ಕ್ವೈಯರ್ ಎಂದು ಬಿಡಿಸಿಕೊಳ್ಳಿ. ಮುಂದಿನ ಎರಡಂಕಿ ವರ್ಷ. ಐಸಿಎಸ್13 ಎಂದರೆ 2013. ಕೋರ್-ಟೆಕ್ ಎಂದರೆ ಕೋರ್ಟ್ ಹೆಸರಿನಲ್ಲಿ ಸ್ವಂತ ಗಿಟಾರನ್ನೂ ಮಾರುವ ಕೊರಿಯಾದ ಕಂಪನಿ. ಸ್ಕ್ವೈಯರ್, ಐಬನೀಝ್, ಪಿಆರ್‌ಎಸ್ ಎಸ್‌ಇ ಹೀಗೆ ಹಲವರಿಗೆ ಗಿಟಾರ್ ಮಾಡಿಕೊಡುತ್ತದೆ. ಅಂದರೆ ‘ಕೋರ್ಟ್ ಬೇಡ, ಬ್ರ್ಯಾಂಡೆಡ್ ಬೇಕು’ ಎನ್ನುವವರು ಬಹಳ ಸಲ ಅದೇ ಕಂಪನಿಯ ಕೆಲಸವನ್ನೇ ಇನ್ನೊಂದು ಹೆಸರಿನಲ್ಲಿ ಹೆಚ್ಚು ಹಣಕ್ಕೆ ಕೊಳ್ಳುತ್ತಿರುತ್ತಾರೆ.

ಫೆಂಡರ್‌ನಲ್ಲಿ 2010ರಿಂದೀಚೆಗೆ ಯುಎಸ್ ಎಂದು ಶುರುವಾದರೆ ಅಮೆರಿಕ, ಎಂಎಕ್ಸ್ ಎಂದಾದರೆ ಮೆಕ್ಸಿಕೊ, ನಂತರದ ಎರಡಂಕಿ ವರ್ಷ. ಎರಡೂ ಅಸಲಿ ಫೆಂಡರ್‌ಗಳೇ, ಬೆಲೆ ಮಾತ್ರ ಬೇರೆ. ಮೆಕ್ಸಿಕೊದ್ದನ್ನು ‘ಅಮೆರಿಕನ್ ಫೆಂಡರ್’ ಎಂದು ಮಾರುವುದು ನಡೆಯುತ್ತಲೇ ಇರುತ್ತದೆ.

ಗಿಬ್ಸನ್‌ನಲ್ಲಿ 1977ರಿಂದ 2005ರವರೆಗಿನ ಬಹುಪಾಲು ಗಿಟಾರುಗಳಿಗೆ ಎಂಟಂಕಿಯ ಸಂಖ್ಯೆ. ಮೊದಲನೇ ಮತ್ತು ಐದನೇ ಅಂಕಿ ಸೇರಿದರೆ ವರ್ಷ, ನಡುವಿನ ಮೂರಂಕಿ ಆ ವರ್ಷದ ಎಷ್ಟನೇ ದಿನ ಎಂಬುದು. 90458321 ಎಂದಿದ್ದರೆ 9 ಮತ್ತು 8, ಅಂದರೆ 1998. 045 ಅಂದರೆ ಫೆಬ್ರವರಿ 14. ನಡುವಿನ ಮೂರಂಕಿ 366ನ್ನು ಮೀರಿದ್ದರೆ ಅಂಥ ದಿನವೇ ಇಲ್ಲ. ಇನ್ನು ಗಿಬ್ಸನ್ ಹೆಸರಿನ ಗಿಟಾರುಗಳು ಆಗುವುದು ಅಮೆರಿಕದಲ್ಲಿ. ಹಾಗಾಗಿ ‘ಗಿಬ್ಸನ್ ಲೆಸ್ ಪಾಲ್, ಮೇಡ್ ಇನ್ ಚೈನಾ’ ಎಂದು ಯಾರಾದರೂ ಬರೆದಿದ್ದರೆ ಅದು ಎಪಿಫೋನ್ ಆಗಿರಬೇಕು, ಇಲ್ಲವೇ ನಕಲಿ.

ಸಂಖ್ಯೆ ತಪ್ಪಿದ್ದರೆ ಗಿಟಾರನ್ನು ಅನುಮಾನಿಸಿ. ಸಂಖ್ಯೆ ಸರಿಯಿದ್ದರೆ ಗಿಟಾರ್ ನಿಜ ಎಂದೇನಲ್ಲ, ಏಕೆಂದರೆ ನಕಲಿ ಮಾಡುವವನು ಯಾವುದೋ ಅಸಲಿ ಗಿಟಾರಿನ ಸಂಖ್ಯೆಯನ್ನೇ ಸಾವಿರ ಸಲ ಒತ್ತಬಹುದು.

ಐದನೇ ಹೆಜ್ಜೆ: ಹೋಗಿ ನೋಡುವುದು

ಹಗಲು ಹೋಗಿ. ಜೊತೆಗೆ ಚಿಕ್ಕ ಟಾರ್ಚ್, ಆರಿಂಚಿನ ಸ್ಟೀಲ್ ಸ್ಕೇಲ್, ಶ್ರುತಿ ತೋರಿಸುವ ಆ್ಯಪ್ ಇರುವ ಮೊಬೈಲ್ ಇದ್ದರೆ ಸಾಕು. ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ಭೇಟಿಯಾಗೋಣ ಎನ್ನುವವರಿಗೆ ಮರ್ಯಾದೆಯಿಂದ ಬೇಡ ಎನ್ನಿ; ಆ ಗದ್ದಲದಲ್ಲಿ ತಂತಿಯ ಗರಗರ ಕೇಳಿಸುವುದಿಲ್ಲ. ಎಲೆಕ್ಟ್ರಿಕ್ ಆದರೆ ಆಂಪ್ಲಿಫೈಯರ್ ಇರುವ ಕಡೆಯೇ ನೋಡಬೇಕು. ಮಾರುವವರಲ್ಲಿ ಇಲ್ಲದಿದ್ದರೆ ಗಂಟೆಯ ಬಾಡಿಗೆಗೆ ಜ್ಯಾಮ್ ರೂಮ್ ಸಿಗುತ್ತದೆ, ಆ ಖರ್ಚು ನೀವೇ ಕೊಡಿ.

ಗಿಟಾರ್ ಕೈಗೆ ಬಂದಕೂಡಲೇ ನುಡಿಸಬೇಡಿ. ನುಡಿಸಿದರೆ ಮೋಹ ಹುಟ್ಟುತ್ತದೆ. ಮೊದಲು ತಲೆ ನೋಡಿ.

ಹೋದ ವರ್ಷ ಜಯನಗರದಲ್ಲಿ ಒಂದು ಬಿಳಿ ‘ಫೆಂಡರ್’ ನೋಡಲು ಹೋಗಿದ್ದೆ. ಹೆಸರು ಸರಿಯಿತ್ತು, ಅಕ್ಷರದ ಓರೆಯೂ ಸರಿಯಿತ್ತು. ಟಾರ್ಚನ್ನು ನೇರವಾಗಿ ಹಿಡಿಯದೆ, ತಲೆಯ ಮೇಲ್ಮೈಗೆ ಸಮನಾಗಿ, ಅಂಚಿನಿಂದ ಹಾಯಿಸಿದೆ. ಆಗ ಫೆಂಡರ್ ಎಂಬ ಹೆಸರಿನ ಕೆಳಗೆ, ಗೋಡೆಯ ಸುಣ್ಣದಡಿ ಹಳೆಯ ಚುನಾವಣೆಯ ಬರಹ ಕಂಡಂತೆ, ಇನ್ನೊಂದು ಹೆಸರಿನ ನೆರಳು ಕಂಡಿತು. ಉಪ್ಪುಕಾಗದದಿಂದ ಉಜ್ಜಿದ ಕಡೆ ಮೆರುಗು ಮಂಕಾಗಿತ್ತು, ಸುತ್ತ ಮಾತ್ರ ಹೊಳಪಿತ್ತು. ಸ್ಕೇಲ್ ತೆಗೆದು ಬಾಡಿಯ ದಪ್ಪ ಅಳೆದೆ: 40 ಮಿಲಿಮೀಟರ್. ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಬಾಡಿ ಸುಮಾರು 44ರಿಂದ 45 ಮಿಲಿಮೀಟರ್ ಇರುತ್ತದೆ. ಸ್ಕ್ವೈಯರ್‌ನ ಅಗ್ಗದ ಸಾಲುಗಳಾದ ಅಫಿನಿಟಿ, ಬುಲೆಟ್ ಸುಮಾರು 40. ಮಾರುತ್ತಿದ್ದ ಹುಡುಗ ಸ್ಕೇಲನ್ನೇ ನೋಡುತ್ತಿದ್ದ. “ನಾನು ಕೊಂಡಾಗಲೂ ಹೀಗೆಯೇ ಇತ್ತು ಸರ್” ಎಂದ. ಇರಬಹುದು. ನಾನು ವಾದಿಸಲಿಲ್ಲ, ಸ್ಕೇಲ್ ಜೇಬಿಗೆ ಹಾಕಿಕೊಂಡು ಬಂದೆ.

ಹೆಸರಿನ ಅಂಟುಹಾಳೆಯ ಅಂಚು ಉಗುರಿಗೆ ತಾಗುತ್ತದೆ ಎಂಬ ಒಂದೇ ಕಾರಣಕ್ಕೆ ನಕಲಿ ಎನ್ನಬೇಡಿ. ಅಸಲಿ ಫೆಂಡರ್‌ಗಳಲ್ಲೂ ಕೆಲವು ಮಾದರಿಗಳಿಗೆ ಹೆಸರನ್ನು ಮೆರುಗಿನ ಮೇಲೆಯೇ ಅಂಟಿಸಿರುತ್ತಾರೆ. ಎರಡು ಮೂರು ಗುರುತು ಒಟ್ಟಿಗೆ ಕೂಡಿಬಂದರೆ ಮಾತ್ರ ತೀರ್ಮಾನ. ಫೆಂಡರ್ ಬಗೆಯ ಗಿಟಾರುಗಳಲ್ಲಿ ನೆಕ್ ಅನ್ನು ಬಾಡಿಗೆ ಸ್ಕ್ರೂಗಳಿಂದ ಬಿಗಿದಿರುತ್ತಾರೆ, ಸ್ಕ್ರೂ ಬಿಚ್ಚಿದರೆ ಕಳಚಿಬರುತ್ತದೆ. ಹೀಗಾಗಿ ಅಸಲಿ ನೆಕ್‌ಗೆ ಯಾವುದೋ ಬಾಡಿ ಜೋಡಿಸಿದವೂ ಇವೆ. ತಲೆಯ ಮೇಲಿನ ಹೆಸರು ನಿಜ, ಉಳಿದದ್ದು ಕಂತೆ.

ಗಿಬ್ಸನ್ ಹೆಸರಿನ ಲೆಸ್ ಪಾಲ್ ಆದರೆ ಮೊದಲು ಆ ಗಂಟೆಯಾಕಾರದ ಮುಚ್ಚಳದ ಸ್ಕ್ರೂ ಎಣಿಸಿ. ಗಿಬ್ಸನ್‌ನಲ್ಲಿ ಎರಡು. ಮೂರಿದ್ದರೆ ಅನುಮಾನಿಸಿ. ನಂತರ ನೆಕ್‌ನ ಹಿಂಭಾಗದಲ್ಲಿ, ತಲೆ ಬಾಗಲು ಶುರುವಾಗುವ ಕಡೆ ಬೆಳಕು ಹಾಯಿಸಿ. ಅಗ್ಗದ ಗಿಟಾರುಗಳಲ್ಲಿ ತಲೆಯನ್ನು ಬೇರೆ ತುಂಡಿನಿಂದ ಮಾಡಿ ಓರೆಯಾಗಿ ಅಂಟಿಸಿರುತ್ತಾರೆ, ಅದರ ಗೆರೆ ಕಾಣುತ್ತದೆ. ಗಿಬ್ಸನ್‌ನಲ್ಲಿ ಆ ಜೋಡಣೆ ಇರುವುದಿಲ್ಲ. ಆದರೆ ಎಡವಟ್ಟು ನೋಡಿ: ಗಿಬ್ಸನ್ ಗಿಟಾರ್ ಕೆಳಗೆ ಬಿದ್ದರೆ ಮುರಿಯುವುದು ಸರಿಯಾಗಿ ಅದೇ ಜಾಗದಲ್ಲಿ. ಹಾಗಾಗಿ ಅಲ್ಲಿ ಅಂಕುಡೊಂಕಾದ ಗೆರೆ ಕಂಡರೆ ಅದು ನಕಲಿಯಾಗಿರದೆ, ಮುರಿದು ಅಂಟಿಸಿದ ಅಸಲಿಯೂ ಆಗಿರಬಹುದು. ಆಗ ಬೆಲೆ ಬೇರೆ ಕಾರಣಕ್ಕೆ ಇಳಿಯಬೇಕು.

ಅಕೌಸ್ಟಿಕ್ ಆದರೆ ರಂಧ್ರದೊಳಗೆ ಟಾರ್ಚ್ ಬಿಟ್ಟು ಚೀಟಿ ಓದಿ. ತಲೆಯ ಮೇಲಿನ ಹೆಸರು, ಚೀಟಿಯ ಮಾದರಿ ಸಂಖ್ಯೆ, ತಯಾರಾದ ದೇಶ, ಈ ಮೂರೂ ಒಂದೇ ಕಥೆ ಹೇಳಬೇಕು. ಯಮಹಾ ಎಫ್310 ನಮ್ಮ ಊರಿನಲ್ಲಿ ಮಕ್ಕಳಿಗೆ ಕೊಡಿಸುವ ಗಿಟಾರುಗಳಲ್ಲಿ ಬಹು ಸಾಮಾನ್ಯ; ಅದೇ ಕಾರಣಕ್ಕೆ ಅದರ ಹೆಸರನ್ನು ಎರವಲು ಪಡೆಯುವುದೂ ಸಾಮಾನ್ಯ. ಯಮಹಾ ಗುರುತಿನಲ್ಲಿ ಒಂದರ ಮೇಲೊಂದು ಹಾಯ್ದ ಮೂರು ಶ್ರುತಿಕವಲುಗಳಿವೆ. ಅವು ಕಲಸಿಹೋಗಿ ಮೂರು ಕಡ್ಡಿಗಳಂತೆ ಕಂಡರೆ, ಚೀಟಿಯಲ್ಲಿ ಅಕ್ಷರದೋಷವಿದ್ದರೆ, ಗಿಟಾರನ್ನು ಮೆಲ್ಲಗೆ ಕೆಳಗಿಡಿ. ಮೈಸೂರು ಸಿಲ್ಕ್ ಎಂದು ಯಾರು ಏನೇ ಹೇಳಲಿ, ಸೀರೆಯ ಅಂಚು ತಿರುಗಿಸಿ ಕೆಎಸ್‌ಐಸಿ ಗುರುತು ಹುಡುಕುವ ನಮ್ಮ ಅಮ್ಮಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹೆಸರಿನ ಪರೀಕ್ಷೆ ಮುಗಿದ ಮೇಲೆ ವಾದ್ಯದ ಪರೀಕ್ಷೆ. ಹನ್ನೆರಡನೇ ಮೆಟ್ಟಿಲಿನ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ, ಫ್ರೆಟ್) ಬಳಿ ತಂತಿಯ ಎತ್ತರ ಅಳೆಯಿರಿ. ಅಕೌಸ್ಟಿಕ್‌ನಲ್ಲಿ ದಪ್ಪ ತಂತಿಗೆ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಚೆನ್ನ, ನಾಲ್ಕು ಇದ್ದರೆ ಬೆರಳು ಅಳುತ್ತದೆ. ಅದೇ ಮೆಟ್ಟಿಲಿನಲ್ಲಿ ತಂತಿ ಒತ್ತಿ ಒಮ್ಮೆ, ಒತ್ತದೆ ಬರಿದೆ ಮುಟ್ಟಿ ಮೀಟಿ ಒಮ್ಮೆ ಶ್ರುತಿ ನೋಡಿ. ಎರಡೂ ಒಂದೇ ತೋರಿಸಬೇಕು. ನೆಕ್ ಅಂಚಿನ ಉದ್ದಕ್ಕೂ ಬೆರಳು ಹಾಯಿಸಿ. ನಮ್ಮಲ್ಲಿ ಫೆಬ್ರವರಿ, ಮಾರ್ಚ್ ತಿಂಗಳ ಒಣ ಹವೆಗೆ ಮರ ಕುಗ್ಗಿ ಮೆಟ್ಟಿಲುಗಳ ತುದಿ ಹೊರಚಾಚಿ ಕೈಗೆ ಚುಚ್ಚುತ್ತದೆ. ಅದು ಸರಿಪಡಿಸಬಹುದಾದ ದೋಷ, ಚೌಕಾಸಿಗೆ ಒಳ್ಳೆಯ ನೆಪ.

ಆರನೇ ಹೆಜ್ಜೆ: ಸರಿಯಾದ ಹೆಸರಿಗೆ ಸರಿಯಾದ ಹಣ

“ಇದು ನಕಲಿ” ಎಂದು ಮನೆಯವರೆಲ್ಲರ ಎದುರು ಘೋಷಿಸಬೇಡಿ. “ಸರ್, ತಲೆಯ ಮೇಲೆ ಸ್ಕ್ವೈಯರ್ ಎಂದಿದೆ, ಹೊಸ ಸ್ಕ್ವೈಯರ್ ಬೆಲೆ ಇಷ್ಟು, ಹಳೆಯದಕ್ಕೆ ನಾನು ಇಷ್ಟು ಕೊಡಬಲ್ಲೆ” ಎಂದರೆ ಹತ್ತರಲ್ಲಿ ಆರು ಜನ ಮಾತಿಗೆ ಕೂರುತ್ತಾರೆ. ಸ್ಕ್ವೈಯರ್ ಆಗಲಿ ಎಪಿಫೋನ್ ಆಗಲಿ ಕೀಳಲ್ಲ. ಚೆನ್ನಾಗಿ ಸೆಟಪ್ ಮಾಡಿಸಿದ ಎಪಿಫೋನ್, ನಿರ್ಲಕ್ಷಿಸಿದ ಗಿಬ್ಸನ್‌ಗಿಂತ ಇಂಪಾಗಿರುವುದನ್ನು ನಾನೇ ಕೇಳಿದ್ದೇನೆ. ತಗಾದೆ ಇರುವುದು ಗಿಟಾರಿನ ಮೇಲಲ್ಲ, ಅದಕ್ಕೆ ತೊಡಿಸಿದ ಹೆಸರಿನ ಬೆಲೆಯ ಮೇಲೆ.

ಆದರೆ ತಲೆಯ ಮೇಲೆಯೇ ಸುಳ್ಳು ಹೆಸರಿರುವ ಗಿಟಾರನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಾನು ಕೊಳ್ಳುವುದಿಲ್ಲ. ನಾಳೆ ಅದನ್ನು ಮಾರುವ ಸರದಿ ನನ್ನದಾಗುತ್ತದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಕಲಮುಗಳಲ್ಲಿ ಸುಳ್ಳು ಗುರುತು ಹಾಕುವುದೂ ಅಂಥ ಸರಕನ್ನು ಮಾರುವುದೂ ಅಪರಾಧ. ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ.

ಹಣವನ್ನು ಗಿಟಾರ್ ಕೈಯಲ್ಲಿದ್ದಾಗ ಮಾತ್ರ ಕೊಡಿ, ಮುಂಗಡ ಬೇಡ. ಕೊಟ್ಟ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಕಂಪನಿ, ಮಾದರಿ, ಸಂಖ್ಯೆ, ಮೊತ್ತ, ದಿನಾಂಕ. ನೀವು ಮಾರುವವರಾಗಿದ್ದರೆ, ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ ಎಂಬುದನ್ನು ನೆನಪಿಡಿ. ‘ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತದೆ’ ಎನ್ನುವವನು ಗಿರಾಕಿಯಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಏಳನೇ ಹೆಜ್ಜೆ: ನೀವೇ ಮಾರುವಾಗ

ಮೇಷ್ಟರ ಗಿವ್ಸನ್ ಕೊನೆಗೆ ನಮ್ಮ ಮನೆಗೇ ಬಂತು. 2,500 ರೂಪಾಯಿ ಕೊಟ್ಟೆವು. ಹೊಸ ತಂತಿ ಹಾಕಿಸಿ, ಬ್ರಿಜ್ ಮೇಲಿನ ಪಟ್ಟಿಯನ್ನು ಉಜ್ಜಿ ತಂತಿಯ ಎತ್ತರ ತಗ್ಗಿಸಿದ ಮೇಲೆ ಹುಡುಗ ಅದರಲ್ಲೇ ಎರಡು ವರ್ಷ ಕಲಿತ. ಕಳೆದ ದಸರಾ ಹೊತ್ತಿಗೆ ಅವನಿಗೆ ಎಲೆಕ್ಟ್ರಿಕ್ ಬೇಕಾಯಿತು. ಇದನ್ನು ಮಾರಲು ಜಾಹೀರಾತು ಹಾಕಲು ಕೂತೆವು. ತಲೆಬರಹವನ್ನು ಅವನೇ ಬರೆದ: ‘ಗಿವ್ಸನ್ ಅಕೌಸ್ಟಿಕ್ ಗಿಟಾರ್, ಗಿಬ್ಸನ್ ಅಲ್ಲ, ಕೋಲ್ಕತ್ತದ್ದು, 2,000 ರೂಪಾಯಿ.’ ಮೊದಲ ಫೋಟೊ ತಲೆಯದು, ಕಿಟಕಿಯ ಬೆಳಕಿನಲ್ಲಿ, ವಿ ಅಕ್ಷರ ಸ್ಪಷ್ಟವಾಗಿ ಕಾಣುವಂತೆ. ಎರಡನೆಯದು ತಲೆಯ ಹಿಂಭಾಗ, ಮೂರನೆಯದು ಒಳಗಿನ ಚೀಟಿ. ಬಾಡಿಯ ಕೆಳಬದಿಯ ಗೀರಿಗೂ ಒಂದು ಫೋಟೊ.

ಹತ್ತು ನಿಮಿಷವಾಗಿರಲಿಲ್ಲ, ಮೊಬೈಲ್ ಟಿಣ್ ಎಂದಿತು. ಹುಡುಗ ಓದಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟ.

“ನಮಸ್ಕಾರ ಸರ್, ಗಿಬ್ಸನ್ ಇನ್ನೂ ಇದೆಯೇ?”